ಫಿನೋಥಯಜೀನ್: ಕೀಟನಾಶಕವೂ ಕುರಿಯ ಜಂತುನಾಶಕವೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳು ಮಳೆಯ ಅಭಾವಕ್ಕೆ ಹೆಸರಾದ ಸೀಮೆಗೆ ಸೇರಿದವು. ಬೆಳೆ ಕೈಕೊಟ್ಟ ವರ್ಷ ಇಲ್ಲಿನ ಅನೇಕ ಸಂಸಾರಗಳಿಗೆ ಆಧಾರವಾಗುವುದು ಕುರಿಯ ಹಿಂಡು. ಬಳ್ಳಾರಿಯ ಹೆಸರನ್ನೇ ಹೊತ್ತ ಕುರಿತಳಿಯೊಂದುಂಟು. ಆದುದರಿಂದ ಕುರಿಯ ರೋಗ ಮತ್ತು ಔಷಧಗಳ ಚರಿತ್ರೆಯು ಈ ಸೀಮೆಯ ಆರ್ಥಿಕ ಚರಿತ್ರೆಯ ಅಂಗವೇ ಆಗಿದೆ.

ಒಣನೆಲದಲ್ಲಿ ಜಂತುಬಾಧೆ ಎಲ್ಲಿಯದು ಎಂದು ಕೇಳಬಹುದು. ಮಳೆ ಬಿದ್ದೊಡನೆ ಹಿಂಡುಗಳು ಕೆರೆಯಂಚಿನ ಹಸಿಹುಲ್ಲಿಗೆ ನೆರೆಯುತ್ತವೆ. ಜಂತುವಿನ ಮರಿಗಳೂ ಆ ತೇವದಲ್ಲಿಯೇ ಬೆಳೆಯುತ್ತವೆ. ಇವುಗಳಲ್ಲಿ ಹಿಮಾಂಕಸ್ ಎಂಬುದು ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ನೆಲೆಸಿ ರಕ್ತ ಹೀರುವ ಹುಳು. ಕುರಿಯ ಕಣ್ಣಿನ ಒಳಪೊರೆ ಬಿಳಿಚುತ್ತದೆ, ಗದ್ದದಡಿ ನೀರು ತುಂಬಿ ಬಾವು ಬರುತ್ತದೆ, ಕೊನೆಗೆ ಕುರಿ ಸಾಯುತ್ತದೆ. ಹಿಂದೆ ಇದಕ್ಕೆ ಮೈಲುತುತ್ತ ಮತ್ತು ಹೊಗೆಸೊಪ್ಪಿನ ನಿಕೊಟಿನ್ ಬಳಕೆಯಲ್ಲಿದ್ದವು. ಪ್ರಮಾಣ ತಪ್ಪಿದರೆ ಕುರಿಗೇ ಅಪಾಯ.

ಫಿನೋಥಯಜೀನನ್ನು ಜರ್ಮನಿಯ ಬರ್ನ್ಟ್‌ಸನ್ 1883ರಲ್ಲಿ ತಯಾರಿಸಿದನು. ಅಮೆರಿಕದ ಕೃಷಿವಿಜ್ಞಾನಿಗಳು 1930ರ ದಶಕದಲ್ಲಿ ಅದನ್ನು ಕೀಟನಾಶಕವಾಗಿ ಪರೀಕ್ಷಿಸಿದರು. ಸೊಳ್ಳೆಯ ಮರಿಗಳನ್ನು ಅದು ಕೊಂದಿತು; ಆದರೆ ಬಿಸಿಲು ಗಾಳಿಗಳಿಗೆ ಬೇಗನೆ ಕೆಡುತ್ತಿದ್ದುದರಿಂದ ಹೊಲದಲ್ಲಿ ನೆಲೆಗೊಳ್ಳಲಿಲ್ಲ. ಬೆಳಕು ತಾಗದ ಪ್ರಾಣಿಯ ಹೊಟ್ಟೆಯೇ ಅದಕ್ಕೆ ತಕ್ಕ ಎಡೆಯಾಯಿತು. 1938ರಲ್ಲಿ ಅದರ ಜಂತುನಾಶಕ ಗುಣ ಪ್ರಕಟವಾಯಿತು. ಔಷಧ ಕೊಟ್ಟ ಕುರಿಯ ಮೂತ್ರ ಕೆಂಪಾಗಿ ಉಣ್ಣೆಗೆ ಕಲೆ ಹಿಡಿಯುತ್ತಿದ್ದರೂ, ಹಿಂದಿನ ಔಷಧಗಳಿಗಿಂತ ಇದು ಮೇಲೆನಿಸಿತು.

ಈ ಯಶಸ್ಸು ಬಹುಕಾಲ ಉಳಿಯಲಿಲ್ಲ. ಔಷಧವನ್ನು ತಾಳಿಕೊಳ್ಳುವ ಹಿಮಾಂಕಸ್ ಹುಳುಗಳು ಅಮೆರಿಕದಲ್ಲಿ 1957ರಲ್ಲಿ ವರದಿಯಾದವು. 1961ರಲ್ಲಿ ಥಯಬೆಂಡಜೋಲ್ ಬಂದಿತು. ಕೆಲವೇ ವರ್ಷಗಳಲ್ಲಿ ಹುಳುಗಳು ಅದನ್ನೂ ಜಯಿಸಿದವು. 1980ರ ದಶಕದ ಆರಂಭದಲ್ಲಿ ಪಶುವೈದ್ಯಕ್ಕೆ ಬಂದ ಐವರ್ಮೆಕ್ಟಿನ್‌ಗೂ ಇದೇ ಗತಿಯಾಯಿತು. ಅದರ ಸಮೀಪಬಂಧುವಾದ ಅಬಮೆಕ್ಟಿನ್ ಬೆಳೆಯ ನುಸಿಗಳಿಗೆ ಸಿಂಪಡಿಸುವ ಔಷಧವೆಂಬುದು ಗಮನಾರ್ಹ.

ಈ ಚರಿತ್ರೆಯ ಪಾಠ ಒಣಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಕಡುಬೇಸಗೆಯಲ್ಲಿ ಮೇವುನೆಲದ ಮರಿಹುಳುಗಳು ಬಹುಮಟ್ಟಿಗೆ ಸತ್ತಿರುತ್ತವೆ. ಆಗ ಇಡೀ ಹಿಂಡಿಗೆ ಔಷಧ ಕುಡಿಸಿದರೆ, ಅದನ್ನು ತಾಳಿ ಬದುಕಿದ ಹುಳುಗಳೇ ಮುಂದಿನ ಮಳೆಗಾಲದ ಸಂತತಿಗೆ ಮೂಲವಾಗುತ್ತವೆ. ಆದುದರಿಂದ ಕಣ್ಣಿನ ಪೊರೆ ಬಿಳಿಚಿದ ಕುರಿಗಳನ್ನು ಆರಿಸಿ, ತೂಕಕ್ಕೆ ತಕ್ಕ ಪೂರ್ಣ ಪ್ರಮಾಣದಲ್ಲಿ ಔಷಧ ಕೊಡುವುದು, ಪುಷ್ಟವಾದವುಗಳನ್ನು ಬಿಡುವುದು ಇಂದಿನ ವಿಜ್ಞಾನದ ಸಲಹೆ. ಹೊಸ ಔಷಧವನ್ನು ಕಂಡುಹಿಡಿಯುವುದು ಪ್ರಯೋಗಶಾಲೆಯ ಕೆಲಸ; ಇರುವ ಔಷಧದ ಶಕ್ತಿಯನ್ನು ಉಳಿಸಿಕೊಳ್ಳುವುದು ಹಿಂಡಿನವನ ಕೈಯಲ್ಲಿಯೇ ಇದೆ.