ಕಾರಿಡಾರ್‌ಗೆ ಉಣ್ಣೆ ಜಮಖಾನ: ಕೊಳ್ಳೋ ಮುಂಚೆ ಏನು ನೋಡ್ಬೇಕು?

ಹಳೇ ಮನೆಗಳಲ್ಲಿ ತಲೆಬಾಗಿಲಿಂದ ಅಡುಗೆಮನೆವರೆಗೆ ಒಂದು ಉದ್ದನೆ ಓಣಿ ಇರುತ್ತೆ. ಹೊಸ ಫ್ಲಾಟ್‌ಗಳಲ್ಲಿ ಅದನ್ನೇ ಕಾರಿಡಾರ್ ಅಂತೀವಿ. ಅಲ್ಲಿ ಹಾಸೋ, ಅಗಲ ಕಮ್ಮಿ ಉದ್ದ ಜಾಸ್ತಿ ಇರೋ ಜಮಖಾನದ ಹೆಸರು ರನ್ನರ್. ನಾವು ಮೂವರು ಗೆಳೆಯರ ಮನೆಗಳಲ್ಲಿ ಈ ರಜೆಯಲ್ಲಿ ಇದರದ್ದೇ ಚರ್ಚೆ. ತುಮಕೂರು ಸಿಟಿ ಮನೆಯಲ್ಲಿ ನುಣುಪಾದ ವಿಟ್ರಿಫೈಡ್ ಟೈಲ್ಸ್. ಗುಬ್ಬಿ ಮನೆಯಲ್ಲಿ ಹಳೇ ರೆಡ್ ಆಕ್ಸೈಡ್ ನೆಲ. ಕುಣಿಗಲ್ ಮನೆಯಲ್ಲಿ ಒರಟು ಕಲ್ಲುಚಪ್ಪಡಿ. ಮನೆಯವರೆಲ್ಲ ಕೇಳಿದ್ದು 'ಯಾವ ಕಲರ್?' ಅಂತ. ನಾವು ಓದಿ, ಅಂಗಡಿ ಸುತ್ತಿ ತಿಳ್ಕೊಂಡಿದ್ದು ಏನಂದ್ರೆ, ಕಲರ್ ಕೊನೆಯ ಪ್ರಶ್ನೆ. ಬೆಳಗಿನ ಜಾವ ಐದಕ್ಕೆ ಲೈಟ್ ಹಾಕದೆ ಬಚ್ಚಲಿಗೆ ನಡೆಯೋ ಅಜ್ಜಿ ಇರೋ ಮನೆಯಲ್ಲಂತೂ, ಕಾಲ ಕೆಳಗೆ ಜಮಖಾನ ಜಾರುತ್ತಾ ಅನ್ನೋದೇ ಮೊದಲ ಪ್ರಶ್ನೆ. ಆ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದ್ರೆ ತಿಂಗಳುಗಟ್ಟಲೆ ಹಾಸಿಗೆ.

ಜಾರೋದು ಯಾಕೆ?

ಫಸ್ಟ್ ಇಯರ್ ಮೆಕ್ಯಾನಿಕ್ಸ್ ನೆನಪಿಸ್ಕೊಳ್ಳಿ. ನಡೆಯುವಾಗ ಹಿಮ್ಮಡಿ ನೆಲವನ್ನು ಮುಂದಕ್ಕೆ ತಳ್ಳುತ್ತೆ. ಆ ತಳ್ಳುವಿಕೆ ಘರ್ಷಣೆಯ ಮಿತಿ ದಾಟಿದ್ರೆ ಜಾರುತ್ತೆ. ರನ್ನರ್ ಹಾಸಿದ ಮೇಲೆ ಘರ್ಷಣೆ ಎರಡು ಕಡೆ ಬೇಕು: ಪಾದ ಮತ್ತು ಉಣ್ಣೆಯ ನಡುವೆ, ಉಣ್ಣೆ ಮತ್ತು ನೆಲದ ನಡುವೆ. ಮೊದಲನೆಯದು ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ. ಕೈ ಕೊಡೋದು ಎರಡನೆಯದು, ಅದರಲ್ಲೂ ನುಣುಪು ಟೈಲ್ಸ್ ಮೇಲೆ ಸಣ್ಣ ಧೂಳು ಕೂತಿದ್ರೆ.

ಪರಿಹಾರ ಸುಲಭ. ಕೆಳಗೆ ರಬ್ಬರ್ ಪ್ಯಾಡ್ ಹಾಕಿ, ರನ್ನರ್‌ಗಿಂತ ಸುತ್ತಲೂ ಒಂದು ಇಂಚು ಚಿಕ್ಕದು. ಟೈಲ್ಸ್‌ಗೆ ಇದು ಬೇಕೇ ಬೇಕು. ಪಾಲಿಶ್ ಆಗಿರೋ ರೆಡ್ ಆಕ್ಸೈಡ್‌ಗೂ ಬೇಕು, ಆದ್ರೆ ಅಗ್ಗದ ಪಿವಿಸಿ ಪ್ಯಾಡ್ ಕಲೆ ಬಿಡಬಹುದು, ಹಾಗಾಗಿ ಒಂದು ಮೂಲೆಯಲ್ಲಿ ಕೆಲವು ದಿನ ಇಟ್ಟು ನೋಡಿ. ಒರಟು ಕಲ್ಲು ತಾನೇ ಹಿಡ್ಕೊಳ್ಳುತ್ತೆ, ಆದ್ರೆ ಉಣ್ಣೆಯನ್ನು ಕೆಳಗಿಂದ ಸವೆಸುತ್ತೆ. ಅಲ್ಲಿ ಪ್ಯಾಡ್ ಹಾಕೋದು ಜಮಖಾನದ ಆಯುಷ್ಯಕ್ಕಾಗಿ.

ಲೇಬಲ್ ಓದೋದು ಹೇಗೆ?

'ವುಲ್ ಬ್ಲೆಂಡ್' ಅಂದ್ರೆ ಉಣ್ಣೆ ಜೊತೆ ಬೇರೆ ನಾರು ಸೇರಿದೆ ಅಂತ. ಎಷ್ಟು ಅನ್ನೋದು ಮುಖ್ಯ. 1964ರಲ್ಲಿ ಶುರುವಾದ ವುಲ್‌ಮಾರ್ಕ್ ಚಿಹ್ನೆಯಲ್ಲೇ ಮೂರು ಹಂತ ಇವೆ: ಪೂರ್ತಿ ಉಣ್ಣೆ, 50%ಗಿಂತ ಮೇಲಿನ 'ವುಲ್‌ಮಾರ್ಕ್ ಬ್ಲೆಂಡ್', 30%ರಿಂದ 50%ರ ಒಳಗಿನ 'ವುಲ್ ಬ್ಲೆಂಡ್'. ಅಂದ್ರೆ ಬ್ಲೆಂಡ್ ಅಂತ ಬರೆದಿದ್ರೂ ಉಣ್ಣೆ ಅರ್ಧಕ್ಕಿಂತ ಕಮ್ಮಿ ಇರಬಹುದು. 'ವುಲನ್ ಫೀಲ್' ಅಂತಿದ್ರೆ ಉಣ್ಣೆ ಇದ್ದೇ ಇರುತ್ತೆ ಅಂತಲೂ ಇಲ್ಲ.

ಬೆರಕೆ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. 80% ಉಣ್ಣೆ, 20% ನೈಲಾನ್ ಅನ್ನೋದು ಕಾರ್ಪೆಟ್ ಉದ್ಯಮದ ಹಳೇ ಸೂತ್ರ. ಉಣ್ಣೆ ತುಳಿದ್ರೂ ಪುಟಿದೇಳುತ್ತೆ, ನೈಲಾನ್ ಸವೆತ ತಡೆಯುತ್ತೆ. ವಿಸ್ಕೋಸ್ ಜಾಸ್ತಿ ಇದ್ರೆ ಓಣಿಗೆ ಬೇಡ. ನೋಡೋಕೆ ರೇಷ್ಮೆ ಥರ ಹೊಳೆಯುತ್ತೆ, ಆದ್ರೆ ಒದ್ದೆಯಾದ್ರೆ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತೆ.

ಅನುಮಾನ ಇದ್ರೆ ಅಂಚಿನ ಒಂದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಸಿಂಕ್ ಮೇಲೆ ಬೆಂಕಿ ತಾಗಿಸಿ ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತೆ, ಬೆಂಕಿಯಿಂದ ತೆಗೆದ್ರೆ ಬಹುಮಟ್ಟಿಗೆ ತಾನೇ ಆರುತ್ತೆ, ಬೂದಿ ಪುಡಿಯಾಗುತ್ತೆ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಗಟ್ಟಿ ಮಣಿಯಾಗುತ್ತೆ. ಪಾಲಿಪ್ರೊಪಿಲೀನ್ ಸುಮಾರು 165ಕ್ಕೇ ಕರಗುತ್ತೆ. ದೀಪಾವಳಿಗೆ ಓಣಿಯುದ್ದಕ್ಕೂ ಹಣತೆ ಇಡೋ ಮನೆಗಳಿಗೆ ಇದು ಬರೀ ಲ್ಯಾಬ್ ಪ್ರಯೋಗ ಅಲ್ಲ.

ನೇಯ್ಗೆ ಮತ್ತು ಅಳತೆ

ಉದ್ದಕ್ಕೆ ಹೋಗೋ ನೂಲು ಹಾಸು, ಅಡ್ಡಕ್ಕೆ ಬರೋದು ಹೊಕ್ಕು. 'ಹಾಸುಹೊಕ್ಕು' ಅನ್ನೋ ಮಾತು ಮಗ್ಗದಿಂದಲೇ ಬಂದಿದ್ದು. ಎಷ್ಟೋ ಬ್ಲೆಂಡ್ ಜಮಖಾನಗಳಲ್ಲಿ ಹಾಸು ಹತ್ತಿ, ಹೊಕ್ಕು ಉಣ್ಣೆ. ಹಿಂಬದಿ ತಿರುಗಿಸಿ ನೋಡಿ: ಡಿಸೈನ್ ಅಲ್ಲೂ ಕಾಣಿಸಿದ್ರೆ ಅದು ನೇಯ್ದದ್ದು, ಬಟ್ಟೆ ಅಂಟಿಸಿದ್ರೆ ಸಾಮಾನ್ಯವಾಗಿ ಟಫ್ಟೆಡ್. ಆ ಅಂಟು ವರ್ಷಗಳು ಕಳೆದಂತೆ ಪುಡಿಯಾಗಿ ಉದುರುತ್ತೆ.

ಓಣಿಗೆ ತೆಳು, ಚಪ್ಪಟೆ ನೇಯ್ಗೆಯೇ ಸರಿ. ಬಾಗಿಲು ತಾಗಲ್ಲ, ಊರುಗೋಲು ಎಡವಲ್ಲ. ಎರಡು ಬದಿಯಲ್ಲೂ ಕನಿಷ್ಠ ನಾಲ್ಕು ಇಂಚು ನೆಲ ಕಾಣಬೇಕು. ನಾಲ್ಕು ಅಡಿ ಅಗಲದ ಓಣಿಗೆ ಎರಡೂವರೆ ಅಡಿ ರನ್ನರ್ ಹಾಕಿದ್ರೆ ಎರಡೂ ಕಡೆ ಒಂಬತ್ತು ಇಂಚು ಉಳಿಯುತ್ತೆ. ಟೇಪ್ ಹಿಡಿಯುವಾಗ ಒಳಕ್ಕೆ ತೆರೆಯೋ ಬಾಗಿಲ ಕೆಳಗಿನ ಸಂದನ್ನೂ ಅಳೆಯಿರಿ.

ಕಂಬಳಿ ಯಾಕಾಗಬಾರದು?

ಇಷ್ಟೆಲ್ಲ ಪಟ್ಟಿ ಮಾಡಿದಾಗ ನಮಗೆ ಹೊಳೆದದ್ದು ಕಂಬಳಿ. ಶಿರಾ, ಪಾವಗಡದ ಒಣ ಸೀಮೆಯಲ್ಲಿ ಕುರಿಗೇನೂ ಬರ ಇಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಂಬಳಿಗೇ ಹೆಸರುವಾಸಿ. ಕುರುಬ ಸಮುದಾಯದ ಮನೆಗಳಲ್ಲಿ ಹೆಂಗಸರು ಉಣ್ಣೆ ನೂತು, ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು, ಗುಂಡಿಮಗ್ಗದಲ್ಲಿ ನೇಯೋ ಕಸುಬು ಇದು. ಟೆಕ್ಸ್‌ಟೈಲ್ ಪುಸ್ತಕಗಳಲ್ಲಿ 'ಸೈಜಿಂಗ್' ಅಂತ ಬರೋದು ಆ ಗಂಜಿ ಕೆಲಸವೇ.

ದಕ್ಖನಿ ಕುರಿಯ ಉಣ್ಣೆ ಒರಟು. ಸ್ವೆಟರ್‌ಗೆ ಚುಚ್ಚುತ್ತೆ ಅಂತ ಅದಕ್ಕೆ ಬೆಲೆ ಕಮ್ಮಿ. ಮೆರಿನೋ ಎಳೆಯ ದಪ್ಪ ಸುಮಾರು 24 ಮೈಕ್ರಾನ್ ಒಳಗೆ. ಕಾರ್ಪೆಟ್‌ಗೆ ಬೇಕಾದದ್ದು 30ಕ್ಕಿಂತ ದಪ್ಪನೆಯದು, ಯಾಕಂದ್ರೆ ದಪ್ಪ ಎಳೆ ತುಳಿತಕ್ಕೆ ಬಗ್ಗಲ್ಲ. ಮೈಮೇಲೆ ಬೇಡ ಅನ್ನಿಸಿಕೊಂಡ ಗುಣವೇ ಕಾಲ ಕೆಳಗೆ ಬೇಕಾದ ಗುಣ. ಕೈಮಗ್ಗದ ಕಿರಿದಾದ ಪಟ್ಟಿ ಸಿಕ್ಕಿದ್ರೆ ಅದು ಹುಟ್ಟಾ ರನ್ನರ್. ಕಂಬಳಿ ಅಂತ ಮಿಲ್ಲಿನ ಸಿಂಥೆಟಿಕ್ ಹೊದಿಕೆಗಳೂ ಮಾರಾಟಕ್ಕಿವೆ. ಅಲ್ಲೂ ಆ ಒಂದೆಳೆ ಬೆಂಕಿ ಪರೀಕ್ಷೆ ಮಾಡಿ. ಗುಡಿಯಲ್ಲಿ, ಮದುವೆಯಲ್ಲಿ ಕಂಬಳಿ ಗದ್ದುಗೆ ಹಾಸೋ ಮನೆಗಳಲ್ಲಿ ಅದನ್ನು ತುಳಿಯೋಕೆ ಹಿರಿಯರು ಒಪ್ಪದೇ ಇರಬಹುದು. ಮೊದಲು ಕೇಳ್ಕೊಳ್ಳಿ.

ತಂದ ಮೇಲೆ

ಉಣ್ಣೆ ತನ್ನ ತೂಕದ ಸುಮಾರು 30%ರಷ್ಟು ತೇವ ಹೀರಿದ್ರೂ ಒದ್ದೆ ಅನ್ನಿಸಲ್ಲ. ಹಾಗಾಗಿ ನೆಲ ಒರೆಸಿದ ತಕ್ಷಣ ಹಾಸಬೇಡಿ, ಪೂರ್ತಿ ಒಣಗಲಿ. ಬಿಸಿನೀರು, ವಾಷಿಂಗ್ ಮೆಷಿನ್ ಎರಡೂ ಬೇಡ. ಎಳೆಯ ಮೇಲಿನ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಜಮಖಾನ ಕುಗ್ಗುತ್ತೆ. ಆಗಾಗ ಬಿಸಿಲಿಗೆ ಹಾಕಿ ಕೊಡವಿ, ಯಾಕಂದ್ರೆ ನುಸಿಹುಳ ಕತ್ತಲಲ್ಲಿ, ಅಲುಗಾಡದ ಉಣ್ಣೆಯಲ್ಲಿ ಮೊಟ್ಟೆ ಇಡುತ್ತೆ. ಆರು ತಿಂಗಳಿಗೊಮ್ಮೆ ತುದಿ ಬದಲಿಸಿ ಹಾಸಿದ್ರೆ ಬಾಗಿಲ ಬಳಿಯ ತುಳಿತ ಎರಡೂ ತುದಿಗೆ ಹಂಚಿಹೋಗುತ್ತೆ. ಮೂಲೆ ಮೇಲೆ ಸುರುಳಿ ಎದ್ದಿದ್ದು ಕಂಡ್ರೆ ಅವತ್ತೇ ಹೊಲಿಸಿ ಅಥವಾ ಟೇಪ್ ಅಂಟಿಸಿ. ಎಡವೋದು ಅಲ್ಲೇ.