ಬೇಸಿಗೆಯಲ್ಲಿ ಬಿಸಿಯೇರುವ ಗ್ರಾಫಿಕ್ಸ್ ಕಾರ್ಡು: ದೋಷ ಕಾರ್ಡಿನದೋ, ಕೋಣೆಯದೋ?

ಯಾದಗಿರಿ, ಶಹಾಪುರ ಹಾಗೂ ಸುರಪುರ ಪಟ್ಟಣಗಳಲ್ಲಿ ಬಿಸಿಲಿನ ಹಂಗಾಮೂ ಮದುವೆಯ ಹಂಗಾಮೂ ಒಟ್ಟಿಗೇ ಬರುತ್ತವೆ. ಹೊರಗಿನ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವ ಏಪ್ರಿಲ್–ಮೇ ದಿನಗಳಲ್ಲಿಯೇ ಸ್ಟುಡಿಯೋಗಳಲ್ಲಿ ಮದುವೆ ವಿಡಿಯೋಗಳ ಸಂಕಲನ ಕಾರ್ಯ ರಾತ್ರಿಯವರೆಗೂ ನಡೆಯುತ್ತದೆ. ಶಾಲಾ ರಜೆಯ ನಿಮಿತ್ತ ಗೇಮಿಂಗ್ ಕೇಂದ್ರಗಳಲ್ಲಿ ಹುಡುಗರ ದಟ್ಟಣೆಯೂ ಹೆಚ್ಚುತ್ತದೆ. ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿಗಳಿಗೆ ಗ್ರಾಫಿಕ್ಸ್ ಕಾರ್ಡು ವಿಪರೀತ ಕಾಯುತ್ತಿದೆ ಎಂಬ ದೂರುಗಳು ಬರುವುದೂ ಇದೇ ಸಮಯದಲ್ಲಿ. ಹತ್ತಾರು ಸಾವಿರ ರೂಪಾಯಿ ಬೆಲೆಯ ಕಾರ್ಡನ್ನು ವಾರಂಟಿಗೆಂದು ದೂರದ ಸೇವಾ ಕೇಂದ್ರಕ್ಕೆ ಕಳುಹಿಸಿ, ಅದು ‘ದೋಷವಿಲ್ಲ’ ಎಂಬ ಚೀಟಿಯೊಡನೆ ಹಿಂತಿರುಗಿದರೆ ಸಾಗಣೆಯ ವೆಚ್ಚವೂ ಹೋಯಿತು, ಹಂಗಾಮಿನ ದುಡಿಮೆಯೂ ಹೋಯಿತು. ಆದುದರಿಂದ ಕಾರ್ಡನ್ನು ಬಿಚ್ಚುವ ಮುನ್ನ ಒಂದು ಸರಳ ಲೆಕ್ಕವನ್ನು ಮಾಡುವುದು ಲೇಸು.

ಕಾರ್ಡಿನ ಮೇಲಿರುವ ಫ್ಯಾನು ಹಾಗೂ ಅಲ್ಯೂಮಿನಿಯಂ ರೆಕ್ಕೆಗಳು ತಂಪನ್ನು ಉತ್ಪಾದಿಸುವುದಿಲ್ಲ. ಚಿಪ್ಪಿನ ಬಿಸಿಯನ್ನು ಸುತ್ತಲಿನ ಗಾಳಿಗೆ ದಾಟಿಸುತ್ತವೆ, ಅಷ್ಟೇ. ಹೀಗಾಗಿ ಚಿಪ್ಪಿನ ಉಷ್ಣಾಂಶವು ಗಾಳಿಯ ಉಷ್ಣಾಂಶಕ್ಕಿಂತ ಇಷ್ಟು ಡಿಗ್ರಿ ಮೇಲೆ ಎಂಬ ಅಂತರದಲ್ಲಿ ನಿಲ್ಲುತ್ತದೆ. 25 ಡಿಗ್ರಿಯ ಕೋಣೆಯಲ್ಲಿ 70 ಡಿಗ್ರಿ ತೋರಿಸುವ ಕಾರ್ಡಿನ ಅಂತರ 45. ಅದೇ ಕಾರ್ಡು ಅದೇ ಕೆಲಸವನ್ನು 40 ಡಿಗ್ರಿಯ ಕೋಣೆಯಲ್ಲಿ ಮಾಡಿದರೆ 85ರ ಆಸುಪಾಸಿಗೆ ಬರುತ್ತದೆ. ಫ್ಯಾನು ವೇಗ ಹೆಚ್ಚಿಸಿಕೊಂಡು ಒಂದೆರಡು ಡಿಗ್ರಿ ಉಳಿಸಬಹುದು. ಕಾರ್ಡು ಕೆಟ್ಟಿಲ್ಲ, ಕೋಣೆ ಕಾದಿದೆ.

ಆದ್ದರಿಂದ ಮೊದಲು ಬೇಕಾದುದು ಕೋಣೆಯ ಉಷ್ಣಮಾಪಕ. ಅದನ್ನು ಗೋಡೆಗೆ ತೂಗುಹಾಕದೆ ಕ್ಯಾಬಿನೆಟ್ ಗಾಳಿಯನ್ನು ಒಳಗೆಳೆಯುವ ಮುಂಭಾಗದ ಬಳಿ ಇಡಬೇಕು. ಮೇಜಿನ ಕೆಳಗಿನ ಮುಚ್ಚಿದ ಗೂಡಿನಲ್ಲಿ ಕ್ಯಾಬಿನೆಟ್ ಇದ್ದರೆ ಅದು ತಾನೇ ಹೊರಹಾಕಿದ ಬಿಸಿಗಾಳಿಯನ್ನು ಮತ್ತೆ ಸೇದುತ್ತಿರುತ್ತದೆ. ಧೂಳಿಗೆ ಹೆದರಿ ಹೊದಿಸಿದ ಬಟ್ಟೆಯನ್ನು ಅರ್ಧ ಸರಿಸಿ ಯಂತ್ರ ಚಾಲೂ ಮಾಡುವ ರೂಢಿಯೂ ಹಲವೆಡೆ ಇದೆ. ಇದು ಸಲ್ಲದು. ಜಿಪಿಯು-ಝಡ್ ಅಥವಾ ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶಗಳು ಚಿಪ್ಪಿನ ಉಷ್ಣಾಂಶ, ಫ್ಯಾನಿನ ವೇಗ ಮತ್ತು ಬಳಕೆಯ ವ್ಯಾಟುಗಳನ್ನು ತೋರಿಸುತ್ತವೆ. ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಈ ಅಂಕಿಗಳನ್ನು ಬರೆದುಕೊಳ್ಳಬೇಕು. ಕಾರ್ಡನ್ನು ಹೊಸದಾಗಿ ಅಳವಡಿಸಿದ ದಿನವೇ ಹೀಗೆ ಬರೆದಿಟ್ಟಿದ್ದರೆ ಇನ್ನೂ ಉತ್ತಮ. ಅಂದು 45 ಇದ್ದ ಅಂತರ ಇಂದೂ 45 ಇದ್ದರೆ ದೋಷವನ್ನು ಕೋಣೆಯಲ್ಲಿ ಹುಡುಕಬೇಕು. 60ಕ್ಕೆ ಏರಿದ್ದರೆ ಯಂತ್ರದಲ್ಲಿ.

ಎಷ್ಟು ಡಿಗ್ರಿ ಅಪಾಯ ಎಂಬುದು ಕಾರ್ಡಿನಿಂದ ಕಾರ್ಡಿಗೆ ಬೇರೆ. ಆರ್‌ಟಿಎಕ್ಸ್ 3060 ಕಾರ್ಡಿಗೆ ಎನ್ವಿಡಿಯಾ ಸಂಸ್ಥೆಯು ಗರಿಷ್ಠ 93 ಡಿಗ್ರಿ ಎಂದು ನಮೂದಿಸಿದೆ. ಎಎಂಡಿ ಸಂಸ್ಥೆಯು ಚಿಪ್ಪಿನ ಅತಿ ಬಿಸಿಯಾದ ಬಿಂದುವನ್ನೇ ಲೆಕ್ಕಕ್ಕೆ ಹಿಡಿದು, ಆರ್‌ಎಕ್ಸ್ 5700 ಮಾದರಿಗಳಲ್ಲಿ ಅದು 110 ಡಿಗ್ರಿಯವರೆಗೆ ಇರಬಹುದೆಂದು 2019ರಲ್ಲಿ ತಿಳಿಸಿತ್ತು. ಮಿತಿಯನ್ನು ಸಮೀಪಿಸಿದಾಗ ಕಾರ್ಡು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೆಳಗಿನ ಜಾವ ಬೇಗ ಮುಗಿಯುವ ವಿಡಿಯೋ ಕೆಲಸ ಮಧ್ಯಾಹ್ನ ತಡವಾಗುವುದಕ್ಕೆ ಬಹುಪಾಲು ಇದೇ ಕಾರಣ.

ಯಂತ್ರದಲ್ಲಿ ದೋಷವಿದೆ ಎಂದಾದರೆ ಮೊದಲ ಸಂಶಯ ಧೂಳಿನ ಮೇಲೆ. ನಾರಾಯಣಪುರ ಕಾಲುವೆಯ ನೀರು ಬಂದ ಶಹಾಪುರ, ಸುರಪುರ ಸೀಮೆಯಲ್ಲಿ ಹತ್ತಿಯ ವಹಿವಾಟು ದೊಡ್ಡದು. ಜಿನ್ನಿಂಗ್ ಮಿಲ್ಲುಗಳ ನೆರೆಹೊರೆಯಲ್ಲಿ ಗಾಳಿಯಲ್ಲಿ ತೇಲುವ ಹತ್ತಿಯ ಎಳೆ ಮಣ್ಣಿನ ಧೂಳಿನಂತಲ್ಲ. ಮಣ್ಣು ರೆಕ್ಕೆಗಳ ಮೇಲೆ ಕೂರುತ್ತದೆ; ಎಳೆಯಾದರೋ ರೆಕ್ಕೆಯಿಂದ ರೆಕ್ಕೆಗೆ ಹೆಣೆದುಕೊಂಡು ಕಂಬಳಿಯಂತಾಗಿ, ಆ ಕಂಬಳಿಯೇ ಮಣ್ಣನ್ನು ಹಿಡಿದಿಡುತ್ತದೆ. ಹೊರಗಿನಿಂದ ಫ್ಯಾನು ಸ್ವಚ್ಛವಾಗಿ ಕಂಡರೂ ಅದರ ಹಿಂದೆ ಗಾಳಿಯ ದಾರಿ ಮುಚ್ಚಿರಬಹುದು. ಕ್ಯಾಬಿನೆಟ್ಟಿನ ಪಕ್ಕದ ಹಲಗೆಯನ್ನು ತೆಗೆದು ಅದೇ ಕೆಲಸ ಕೊಟ್ಟು ನೋಡಬೇಕು. ಉಷ್ಣಾಂಶ ಎಂಟು ಹತ್ತು ಡಿಗ್ರಿ ಇಳಿದರೆ ಅಡಚಣೆ ಕ್ಯಾಬಿನೆಟ್ಟಿನ ಜಾಲರಿ, ಫ್ಯಾನುಗಳಲ್ಲಿದೆ. ಇಳಿಯದಿದ್ದರೆ ಕಾರ್ಡಿನಲ್ಲೇ ಇದೆ.

ಶುಚಿ ಮಾಡುವಾಗ ವಿದ್ಯುತ್ ತಂತಿಯನ್ನು ಕಳಚಿ, ಬ್ಲೋವರ್ ಹಿಡಿಯುವ ಮುನ್ನ ಕಾರ್ಡಿನ ಫ್ಯಾನನ್ನು ಬೆರಳಿನಿಂದ ತಡೆದು ನಿಲ್ಲಿಸಬೇಕು. ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಅದರ ಬೇರಿಂಗ್ ಹಾಳಾಗುತ್ತದೆ. ಮಿಲ್ಲು, ಗ್ಯಾರೇಜುಗಳ ಕಂಪ್ರೆಸರ್ ಗಾಳಿಯಲ್ಲಿ ನೀರಿನ ಹಾಗೂ ಎಣ್ಣೆಯ ಹನಿಗಳಿರುವುದರಿಂದ, ಕೈಗೆಟಕುತ್ತದೆಂದು ಅದನ್ನು ಬಳಸುವುದು ತರವಲ್ಲ.

ಶುಚಿಯ ನಂತರವೂ ಅಂತರ ಇಳಿಯದಿದ್ದಾಗ ಮಾತ್ರ ಥರ್ಮಲ್ ಪೇಸ್ಟಿನ ಪ್ರಶ್ನೆ. ಚಿಪ್ಪಿನ ಸಾಮಾನ್ಯ ಉಷ್ಣಾಂಶಕ್ಕೂ ಅತಿ ಬಿಸಿ ಬಿಂದುವಿಗೂ ಹತ್ತು ಹದಿನೈದು ಡಿಗ್ರಿ ವ್ಯತ್ಯಾಸ ಸಹಜ. ಅದು 25–30ನ್ನು ಮೀರಿದರೆ ಪೇಸ್ಟ್ ಒಣಗಿದೆ ಅಥವಾ ಲೋಹ ಸರಿಯಾಗಿ ಕೂತಿಲ್ಲ ಎಂದು ತಿಳಿಯಬಹುದು. ವಾರಂಟಿಯುಳ್ಳ ಕಾರ್ಡನ್ನು ಬಿಚ್ಚುವ ಮುನ್ನ ಅದರ ಷರತ್ತುಗಳನ್ನು ಓದಬೇಕು. ನಿಜವಾದ ತಯಾರಿಕಾ ದೋಷವೂ ಉಂಟು: 2022ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಎಎಂಡಿಯ ಕೆಲವು ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡುಗಳ ತಂಪುಕೋಶದಲ್ಲಿ ನೀರಿನ ಪ್ರಮಾಣವೇ ಕಡಿಮೆಯಿದ್ದು, 2023ರ ಜನವರಿಯಲ್ಲಿ ಸಂಸ್ಥೆ ಅದನ್ನು ಒಪ್ಪಿಕೊಂಡಿತು. ಹಳೆಯ ಕಾರ್ಡು ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ ಸಲ್ಲುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಂ ನಾಣ್ಯದ ಗಣಿಗಾರಿಕೆ ನಿಂತ ಮೇಲೆ, ಹಗಲಿರುಳು ದುಡಿದ ಕಾರ್ಡುಗಳು ಮಾರಾಟಕ್ಕೆ ಬಂದವು. ಅಂತಹವುಗಳ ಪೇಸ್ಟ್, ಪ್ಯಾಡುಗಳು ಒಣಗಿರುವ ಸಂಭವ ಹೆಚ್ಚು.

ಖರ್ಚಿಲ್ಲದ ಉಪಾಯವೊಂದನ್ನು ಅನೇಕರು ಕಡೆಗಣಿಸುತ್ತಾರೆ. ಕಾರ್ಡು ಎಳೆಯುವ ವಿದ್ಯುತ್ತೆಲ್ಲವೂ ಕೊನೆಗೆ ಬಿಸಿಯೇ ಆಗುತ್ತದೆ. ಚಿಪ್ಪಿನ ವಿದ್ಯುತ್ ಬಳಕೆಯು ವೋಲ್ಟೇಜಿನ ವರ್ಗದಂತೆ ಏರುವುದರಿಂದ, ವೋಲ್ಟೇಜನ್ನು ಶೇ. 10 ಇಳಿಸಿದರೆ ಬಳಕೆ ಸುಮಾರು ಶೇ. 19 ಇಳಿಯುತ್ತದೆ. ಎಂಎಸ್‌ಐ ಆಫ್ಟರ್‌ಬರ್ನರ್‌ನಂತಹ ತಂತ್ರಾಂಶದಲ್ಲಿ ವಿದ್ಯುತ್ ಮಿತಿಯನ್ನು ಶೇ. 80ಕ್ಕೆ ಇಳಿಸಿದರೂ ಕೆಲಸದ ವೇಗ ಅಷ್ಟೇ ಪ್ರಮಾಣದಲ್ಲಿ ತಗ್ಗುವುದಿಲ್ಲ. ಬಿಸಿಲಿನ ಎರಡು ತಿಂಗಳು ಹೀಗಿಟ್ಟು ಮಳೆಗಾಲಕ್ಕೆ ಮೊದಲಿನಂತೆ ಮಾಡಿಕೊಳ್ಳಬಹುದು.

ಇನ್ನು ಕೋಣೆಯ ವಿಚಾರ. ಒಣ ಬಿಸಿಲಿನಲ್ಲಿ ನೀರಿನ ಕೂಲರ್ ಹತ್ತು ಡಿಗ್ರಿಯಷ್ಟಾದರೂ ತಂಪು ಕೊಡಬಲ್ಲದು, ಕಿಟಕಿ ತೆರೆದಿದ್ದರೆ ಮಾತ್ರ. ಅದರ ಗಾಳಿ ನೇರವಾಗಿ ಕ್ಯಾಬಿನೆಟ್ಟಿಗೆ ಬಡಿಯಬಾರದು. ಸವಳು ನೀರಿನ ತುಂತುರು ಉಪ್ಪಾಗಿ ಕೂರುತ್ತದೆ. ಹವಾನಿಯಂತ್ರಕ ಹಾಕಿಸುವ ಗೇಮಿಂಗ್ ಕೇಂದ್ರದವರು ಕೋಣೆಯ ಅಳತೆಯನ್ನಷ್ಟೇ ನೋಡಿ ಒಂದೂವರೆ ಟನ್ ಸಾಕೆನ್ನುವುದುಂಟು. ತಲಾ 400 ವ್ಯಾಟ್ ಎಳೆಯುವ ಹತ್ತು ಕಂಪ್ಯೂಟರುಗಳು 4,000 ವ್ಯಾಟ್ ಬಿಸಿ ಬಿಡುತ್ತವೆ. ಕುಳಿತ ಹತ್ತು ಮಂದಿಯ ಮೈಶಾಖ ತಲಾ 100 ವ್ಯಾಟಿನಂತೆ ಇನ್ನೊಂದು 1,000. ಒಂದೂವರೆ ಟನ್ ಯಂತ್ರದ ಪೂರ್ಣ ಸಾಮರ್ಥ್ಯವೇ ಸುಮಾರು 5,200 ವ್ಯಾಟ್, ಹೊರಗೆ 43 ಡಿಗ್ರಿ ಇದ್ದಾಗ ಅದಕ್ಕಿಂತಲೂ ಕಡಿಮೆ. ನೆತ್ತಿಯ ಮೇಲಿನ ತಗಡು ಅಥವಾ ಪರಸಿ ಕಲ್ಲಿನ ಛಾವಣಿಯಿಂದ ಇಳಿಯುವ ಬಿಸಿಗೆ ಅಲ್ಲಿ ಏನೂ ಉಳಿಯುವುದಿಲ್ಲ.