ಎರೆಸೀಮೆಯ ಅಡಿಗೆಮನೆಯಲ್ಲಿ ಬಟಾಟೆ

ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನ ಮೊರಬ ಎರೆಭೂಮಿಯ ಊರು. ಜೋಳ, ಹತ್ತಿ, ಕಡಲೆ, ಹೆಸರುಗಳನ್ನು ಒಲಿದು ಬೆಳೆಯುವ ಈ ಕರಿಮಣ್ಣು ಬಟಾಟೆಗೆ ಅಷ್ಟಾಗಿ ಹೊಂದದು. ಮಳೆಗೆ ಅಂಟಾಗಿ, ಬಿಸಿಲಿಗೆ ಗಟ್ಟಿಯಾಗಿ ಬಿರಿಯುವ ನೆಲದಲ್ಲಿ ಗೆಡ್ಡೆ ಹಿಗ್ಗಲಾರದು. ನೀರು ನಿಂತರೆ ಕೊಳೆತುಹೋಗುವುದು. ಆದ್ದರಿಂದ ಇಲ್ಲಿಯ ಮನೆಗಳಿಗೆ ಬಟಾಟೆ ಬಹುಮಟ್ಟಿಗೆ ಸಂತೆಯ ದಾರಿಯಿಂದ ಬರುವ ಅತಿಥಿ. ಆದರೂ ಬೇಸಗೆಯಲ್ಲಿ ಸೊಪ್ಪು ಬಾಡಿ, ರೊಟ್ಟಿಯ ಮಗ್ಗುಲಿಗೆ ಏನು ಬಡಿಸಬೇಕೆಂಬ ಚಿಂತೆ ಗೃಹಿಣಿಗೆ ಹತ್ತಿದಾಗ, ಬುಟ್ಟಿಯ ತಳದಲ್ಲಿ ಕೆಡದೆ ಕಾದು ಕುಳಿತಿರುವುದು ಈ ಅತಿಥಿಯೇ.

ಇದರ ತವರು ದಕ್ಷಿಣ ಅಮೇರಿಕದ ಆಂಡೀಸ್ ಪರ್ವತಸೀಮೆ. 16ನೆಯ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. ನಮ್ಮ ಪಡುವಣ ಕರಾವಳಿಗೆ ತಂದವರು ಪೋರ್ತುಗೀಜರೆಂದು ಹೇಳುವುದುಂಟು. ಕೊಂಕಣಿ ಮರಾಠಿಗಳಲ್ಲಿಯೂ ಧಾರವಾಡದ ಕಡೆಯ ಕನ್ನಡದಲ್ಲಿಯೂ ನಿಂತಿರುವ ‘ಬಟಾಟೆ’ ಎಂಬ ಹೆಸರು ಅವರ ಮಾತೇ. ಮೈಸೂರು ಕಡೆಯ ‘ಆಲೂಗೆಡ್ಡೆ’ಯಾದರೋ ಬೇರೆ ಗೆಡ್ಡೆಗಳಿಗಿದ್ದ ‘ಆಲು’ ಎಂಬ ಹಳೆಯ ಸಂಸ್ಕೃತ ಹೆಸರನ್ನು ಹೊತ್ತುಕೊಂಡಿದೆ.

ಹೀಗೆ ಕಡಲು ದಾಟಿ ಬಂದ ಗೆಡ್ಡೆ ಏಕಾದಶಿ, ಶಿವರಾತ್ರಿಗಳ ಫಲಾಹಾರದಲ್ಲಿಯೂ ಸ್ಥಾನ ಗಳಿಸಿದ್ದು ಸೋಜಿಗವೇ ಸರಿ. ಉಪವಾಸದ ದಿನ ಉಳ್ಳಾಗಡ್ಡೆಯನ್ನು ಬಿಟ್ಟು, ತುಪ್ಪದಲ್ಲಿ ಜೀರಿಗೆ, ಹಸಿಮೆಣಸಿನಕಾಯಿ ಹಾಕಿ, ಬೆಂದ ಬಟಾಟೆಯ ತುಂಡುಗಳಿಗೆ ಶೇಂಗಾ ಪುಡಿ ಬೆರೆಸಿದರೆ ಹಿತವಾದ ಪಲ್ಯವಾಗುತ್ತದೆ. ಸಾಬುದಾಣಿಯ ಖಿಚಡಿಗೂ ಅದೇ ಜೊತೆ. ಕಂದಮೂಲಗಳನ್ನು ವರ್ಜಿಸುವ ಜೈನರ ಮನೆಗಳಿಗೆ ಮಾತ್ರ ಅದಕ್ಕೆ ಪ್ರವೇಶವಿಲ್ಲ.

ಬಟಾಟೆಗೆ ತನ್ನದೆಂಬ ಗಟ್ಟಿ ರುಚಿಯಿಲ್ಲ. ಮನೆ ಕೊಟ್ಟ ರುಚಿಯನ್ನು ಅದು ತನ್ನದಾಗಿಸಿಕೊಳ್ಳುತ್ತದೆ. ಸಾಸಿವೆ, ಕರಿಬೇವು, ಅರಿಸಿನ, ಉಳ್ಳಾಗಡ್ಡೆಗಳ ಒಗ್ಗರಣೆಗೆ ಬೆಂದ ಬಟಾಟೆಯನ್ನು ಕೈಯಿಂದ ಮುರಿದು ಹಾಕಿ, ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಪೂರಿಗೆ ಒಪ್ಪುವ ಪಲ್ಯ. ಅದನ್ನೇ ಉಂಡೆಮಾಡಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಮಳೆಗಾಲದ ಸಂಜೆಗೆ ಬಟಾಟೆವಡೆ. ತಣ್ಣಗಾದ ತುಂಡುಗಳಿಗೆ ಮೊಸರು, ಕೊತ್ತಂಬರಿ ಕೂಡಿಸಿದರೆ ಪಚಡಿ. ಹತ್ತಿಕಟ್ಟಿಗೆಯ ಒಲೆಯ ಕೆಂಡದಲ್ಲಿ ಸುಟ್ಟು, ಉಪ್ಪು ಖಾರ ಹಚ್ಚಿ ಕೊಟ್ಟರಂತೂ ಮಕ್ಕಳಿಗೆ ಬೇರೆ ತಿನಿಸು ಬೇಡ.

ಆದರೆ ಜೋಳದ ರೊಟ್ಟಿಗೆ ಸರಿಜೋಡಿಯೆಂದರೆ ಎಣ್ಣೆಗಾಯಿ. ಬದನೆಕಾಯಿಯಂತೆಯೇ ಸಣ್ಣ ಬಟಾಟೆಗಳನ್ನು ಬುಡ ಬಿಡದೆ ನಾಲ್ಕಾಗಿ ಸೀಳಿ, ಶೇಂಗಾ ಪುಡಿ, ಗುರೆಳ್ಳು ಪುಡಿ, ಒಣಕೊಬ್ಬರಿ, ಮಸಾಲೆ ಖಾರ, ತುಸು ಬೆಲ್ಲ ಕೂಡಿಸಿ ತುಂಬಬೇಕು. ಇಲ್ಲೊಂದು ಎಚ್ಚರಿಕೆ. ಬದನೆಕಾಯಿಗೆ ಮಾಡಿದಂತೆ ಮೊದಲೇ ಹುಣಿಸೆಹುಳಿ ಹೊಯ್ದರೆ ಬಟಾಟೆ ಎಷ್ಟು ಕುದಿಸಿದರೂ ಬಿರುಸಾಗಿಯೇ ಉಳಿಯುವುದು. ಹುಳಿಯು ಗೆಡ್ಡೆಯ ಜೀವಕೋಶಗಳ ಬೆಸುಗೆಯನ್ನು ಬಿಡಿಸಗೊಡದು. ಆದ್ದರಿಂದ ಅದು ಮೆತ್ತಗಾದ ಬಳಿಕವೇ ಹುಳಿ ಸೇರಬೇಕು.

ಬೇಯಿಸುವಲ್ಲಿಯೂ ಕ್ರಮವುಂಟು. ಇಡಿಯ ಗೆಡ್ಡೆಯನ್ನು ತಣ್ಣೀರಿನಲ್ಲಿಯೇ ಇಟ್ಟು ಕಾಯಿಸಿದರೆ ಒಳಗೂ ಹೊರಗೂ ಸಮನಾಗಿ ಬೇಯುತ್ತದೆ. ಕುದಿಯುವ ನೀರಿಗೆ ಹಾಕಿದರೆ ಮೇಲೆ ಒಡೆದು, ನಡುವೆ ಹಸಿಯುಳಿಯುವುದು. ಸಿಪ್ಪೆಯೊಡನೆ ಬೇಯಿಸಿದರೆ ‘ಸಿ’ ಜೀವಸತ್ತ್ವವು ನೀರಿನ ಪಾಲಾಗುವುದು ಕಡಿಮೆ.

ಇದಕ್ಕಿಂತಲೂ ಮುಖ್ಯವಾದುದು ಗೆಡ್ಡೆಯ ಆಯ್ಕೆ. ಬೆಳಕಿಗೆ ಬಿದ್ದು ಹಸಿರಾದ, ಮೊಳಕೆಯೊಡೆದ ಬಟಾಟೆಯಲ್ಲಿ ಸೋಲನೈನ್ ಎಂಬ ವಿಷಪದಾರ್ಥ ಹೆಚ್ಚುತ್ತದೆ. ಕುದಿಸಿದ ಮಾತ್ರಕ್ಕೆ ಅದು ನಾಶವಾಗದು. ಹಸಿರು ತುಸುವೇ ಇದ್ದರೆ ಆಳವಾಗಿ ಕೊರೆದು ತೆಗೆಯಬಹುದು. ಹೆಚ್ಚು ಹಬ್ಬಿದ್ದರೆ, ಇಲ್ಲವೆ ಬೆಂದ ಮೇಲೆ ಕಹಿಯೆನಿಸಿದರೆ, ನಾಲ್ಕು ಕಾಸಿನ ಆಸೆಗೆ ಮಕ್ಕಳ ತಟ್ಟೆಗೆ ಹಾಕಲಾಗದು. ಕತ್ತಲೆಯೂ ಗಾಳಿಯೂ ಇರುವ ಮೂಲೆಯೇ ಬಟಾಟೆಯ ಬುಟ್ಟಿಗೆ ತಕ್ಕ ಜಾಗ.

ಇನ್ನು ಬಡಿಸುವ ಮಾತು. ನೂರು ಗ್ರಾಂ ಬಟಾಟೆಯಲ್ಲಿ ಸುಮಾರು 80 ಗ್ರಾಂ ನೀರೇ. ಸಸಾರಜನಕ 2 ಗ್ರಾಂ ಮಾತ್ರ. ಮಿಕ್ಕುದರಲ್ಲಿ ಹೆಚ್ಚಿನದು ಪಿಷ್ಟ. ರೊಟ್ಟಿ, ಅನ್ನ, ಬಟಾಟೆಪಲ್ಯ ಇಷ್ಟನ್ನೇ ಬಡಿಸಿದರೆ ಹೊಟ್ಟೆ ತುಂಬೀತು, ಊಟ ತುಂಬದು. ಸಕ್ಕರೆ ರೋಗದವರಿಗಂತೂ ಅಳತೆ ತಪ್ಪಬಾರದು. ಬೆಳೆಯುವ ಮಕ್ಕಳಿಗೆ ಬೇಕಾದುದನ್ನು ಎರೆಭೂಮಿಯೇ ಕೊಟ್ಟಿದೆ: ಹೆಸರುಕಾಳಿನ ಉಸುಳಿ, ಕಡಲೆಬೇಳೆಯ ಪಲ್ಯ, ಜೊತೆಗೆ ಒಂದು ಬಟ್ಟಲು ಮೊಸರು. ಸಂತೆಯಿಂದ ಬಂದ ಅತಿಥಿಯನ್ನು ಹೊಲದ ಕಾಳುಗಳೊಡನೆ ಒಂದೇ ತಟ್ಟೆಯಲ್ಲಿ ಕೂರಿಸಬಲ್ಲ ಗೃಹಿಣಿಯ ಮನೆಯಲ್ಲಿ, ಬೇಸಗೆಯಲ್ಲಿಯೂ ರೊಟ್ಟಿ ಒಂಟಿಯಾಗುವುದಿಲ್ಲ.